ಹಿಂಬಾಗಿಲ ಚಿಲಕ

ಹೆಣ ಹೊತ್ತಿದ್ದ ನಾಲ್ವರೂ ಅಡುಗೆಮನೆಯ ನಡುವೆ ಗಕ್ಕನೆ ನಿಂತುಬಿಟ್ಟರು.

"ಇಲ್ಲಿಂದ ಬೇಡ ಕಣ್ರೀ, ಮುಂಬಾಗಿಲಿಂದಾನೇ ಹೋಗೋಣ," ಎಂದ ಮುಂದಿದ್ದ ಬಸ್ ಡ್ರೈವರ್. ಆಳು ಆರಡಿ, ಮೀಸೆಯೂ ಅದಕ್ಕೆ ತಕ್ಕಂತೆ. ದನಿ ಮಾತ್ರ ಬೆಕ್ಕಿನ ಮರಿಯದ್ದಾಗಿತ್ತು.

"ಮುಂದೆ ಕಾಲಿಡಕ್ಕೆ ಜಾಗ ಎಲ್ಲಿದೆ? ಬೀದಿ ತುಂಬಾ ಜನ. ವ್ಯಾನು ಹಿಂದಿನ ಗಲ್ಲೀಲಿ ನಿಂತಿದೆ," ಎಂದ ಹಿಂದಿದ್ದ ದರ್ಜಿ. ಹಾಗೆಂದನೇ ಹೊರತು ಅವನ ಕಾಲೂ ಮುಂದೆ ಬರಲಿಲ್ಲ.

ಸತ್ತವನ ಹೆಂಡತಿ ಜನರನ್ನು ಸರಿಸಿಕೊಂಡು ಬಂದಳು. "ಏನಾಯ್ತಪ್ಪಾ? ತುಂಬಾ ಭಾರವಾ?"

"ಭಾರ ಅಲ್ಲಮ್ಮಾ. ಇದೇ ಅಲ್ವಾ ಆ ಬಾಗಿಲು?"

"ಯಾವ ಬಾಗಿಲು? ಇದು ಹಿಂಬಾಗಿಲು. ಕಸದ ಬುಟ್ಟಿ ಹೊರಗಿಡೋ ಬಾಗಿಲು."

ಅವರು ಮುಖ ಮುಖ ನೋಡಿಕೊಂಡರು. ಅವಳೇ ಹೋಗಿ ಚಿಲಕ ತೆಗೆದಳು. ತುಕ್ಕು ಹಿಡಿದ ಚಿಲಕ ಎಂದಿನಂತೆ ಕಿರುಗುಟ್ಟಿತು. ಅಷ್ಟಕ್ಕೇ ಡ್ರೈವರ್ ಕಣ್ಣು ಮುಚ್ಚಿದ. ಆ ಸಂಕಟದಲ್ಲೂ ಅವಳಿಗೆ ನಗು ಬಂತು. ದೆವ್ವದ ಕಾದಂಬರಿ ಬರೆದು ಊರೂರನ್ನೇ ಹೆದರಿಸಿದ ಗಂಡ, ಸತ್ತ ಮೇಲೂ ಸುಮ್ಮನಿರಲೊಲ್ಲ.

*

ಎಲ್ಲ ಮುಗಿಸಿ ಮನೆಗೆ ಬಂದಾಗ ಹೊತ್ತು ಇಳಿಯುತ್ತಿತ್ತು. ಬೀದಿಯ ಜನ ಕರಗಿಹೋಗಿದ್ದರು. ಉಳಿದದ್ದು ಡ್ರೈವರ್, ದರ್ಜಿ, ಬೆಳಗಿನಿಂದ ಅವಳ ಕೈ ಬಿಡದೆ ಹಿಡಿದಿದ್ದ ಒಬ್ಬ ನರ್ಸ್. ಮೂವರೂ ಅವನ ಒಂದೊಂದು ಪುಸ್ತಕಕ್ಕೂ ಅಂಗಡಿ ಬಾಗಿಲಲ್ಲಿ ಕಾದು ನಿಂತವರು. ಅವರ ಬಾಯಲ್ಲಿ ಅವನ ಹೆಸರು ಕತ್ತಲರಾಯರು. "ಇವತ್ತು ನಿಮ್ಮನ್ನ ಒಬ್ಬರನ್ನೇ ಬಿಡಲ್ಲಮ್ಮಾ," ಎಂದು ಮೂವರೂ ಬೆಳಿಗ್ಗೆಯೇ ಮಾತು ಕೊಟ್ಟಿದ್ದರು. ಅವಳ ತಂಗಿ ಕಾಫಿ ಮಾಡಿ ತಂದಳು.

"ಕತ್ತಲರಾಯರು ಇಲ್ದಿದ್ರೆ ನೈಟ್ ಡ್ಯೂಟೀಲಿ ನಾನು ಗೊರಕೆ ಹೊಡೀತಿದ್ದೆ," ಎಂದಳು ನರ್ಸ್. "ಅವರ ಪುಸ್ತಕ ಕೈಯಲ್ಲಿದ್ರೆ ರೆಪ್ಪೆಗೆ ರೆಪ್ಪೆ ಅಂಟ್ತಿರ್ಲಿಲ್ಲ. ಎಷ್ಟು ಜನ ಪೇಷೆಂಟುಗಳು ಬದುಕಿದ್ದಾರೋ ಅವರ ಪುಣ್ಯಕ್ಕೆ!"

ಎಲ್ಲರೂ ನಕ್ಕರು. ನಗುತ್ತಲೇ ನರ್ಸಿನ ಕಣ್ಣು ವಾಶ್‌ಬೇಸಿನ್ ಮೇಲಿನ ಕನ್ನಡಿಗೆ ಹೋಯಿತು. "ಅಯ್ಯೋ, ಇದೇ ಕನ್ನಡಿ! ಮೂಲೆ ಬಿರುಕು ಬಿಟ್ಟಿದೆ ನೋಡಿ, ಬರೆದ ಹಾಗೇ ಇದೆ. ನಾವು ಸೋಪು ಹಚ್ಚಿ ಕಣ್ಣು ಮುಚ್ಚಿದ್ರೂ ಕನ್ನಡೀಲಿರೋ ಮುಖ ಕಣ್ಣು ಮುಚ್ಚಲ್ವಂತೆ. ನಮ್ಮನ್ನೇ ನೋಡ್ತಿರತ್ತಂತೆ. ನಾನು ಇವತ್ತಿಗೂ ಒಂದು ಕಣ್ಣು ಬಿಟ್ಕೊಂಡೇ ಮುಖ ತೊಳೆಯೋದು. ಉರಿದ್ರೆ ಉರೀಲಿ ಅಂತೀನಿ."

"ನಿಮ್ಮದು ಕನ್ನಡಿ, ನಂದು ಕೋಟು," ಎಂದ ದರ್ಜಿ. ಮೆಟ್ಟಿಲ ಕೆಳಗಿನ ಕಪಾಟಿನ ಕಡೆ ಬೆರಳು ತೋರಿಸಹೊರಟವನು ಬೆರಳು ಮಡಚಿಕೊಂಡ. "ಅದರೊಳಗೆ ಒಂದು ಹಳೇ ಕೋಟು ನೇತಾಡ್ತಿರತ್ತೆ. ಮನೆಯವರು ಮಲಗಿದ ಮೇಲೆ ಉಸಿರಾಡಕ್ಕೆ ಶುರು ಮಾಡತ್ತೆ. ಅದನ್ನ ಓದಿದ ಮೇಲೆ ನಮ್ಮಂಗಡೀಲಿ ಹೊಲಿದಿಟ್ಟ ಕೋಟುಗಳನ್ನೆಲ್ಲ ಗೋಡೆ ಕಡೆ ತಿರುಗಿಸಿ ಹಾಕ್ತೀನಿ."

ಕಪಾಟಿನಲ್ಲಿ ಗಂಡನ ಹಳೆಯ ಕೋಟು ನೇತಾಡುತ್ತಿದ್ದುದು ನಿಜ. ಅವಳು ತಾನೇ ಗುಂಡಿ ಹಾಕಿ ಇಟ್ಟಿದ್ದಳು.

"ಇದೆಲ್ಲ ನಮ್ಮ ಮನೇನೇನಾ?" ಎಂದಳು.

"ಗೊತ್ತಿಲ್ವಾ ಅಮ್ಮಾ? ನೀವು ಓದಿಲ್ವಾ?"

"ಒಂದು ಪುಟಾನೂ ಇಲ್ಲ. ಓದಬೇಡ ಅಂದಿದ್ರು."

ಇಷ್ಟು ವರ್ಷ ಉಪ್ಪನ್ನೇ ತಿಂದಿಲ್ಲ ಎಂದವಳನ್ನು ನೋಡಿದಂತೆ ಅವರು ಅವಳನ್ನು ನೋಡಿದರು.

*

ಮದುವೆಯಾದ ಹೊಸತು. ಮೊದಲ ಪುಸ್ತಕ ಅಚ್ಚಾಗಿ ಬಂದಿತ್ತು. ಅವಳು ಒರೆಸಿದ ಕೈಯಲ್ಲಿ ಅದನ್ನು ಎತ್ತಿಕೊಂಡಿದ್ದಷ್ಟೇ, ಗಂಡ ಓಡಿಬಂದು ಕಿತ್ತುಕೊಂಡ.

"ನೀನು ಓದಬೇಡ ಕಣೇ. ಇದೊಂದು ನಡೆಸಿಕೊಡು."

"ಯಾಕೆ? ನಂಗೆ ಅರ್ಥ ಆಗಲ್ಲ ಅಂತಾನಾ?"

"ನೀನು ಈ ಮನೇಲಿ ಇರಬೇಕಲ್ಲ," ಎಂದ ಅವನು, ಬೇರೆ ಕಡೆ ನೋಡುತ್ತಾ.

ದಡ್ಡಿ ಎಂದುಕೊಂಡಿದ್ದಾನೆ ನನ್ನನ್ನ, ಎಂದು ಅವಳ ಮೈ ಉರಿದುಹೋಯಿತು. ಆಯ್ತು, ಇನ್ನು ಕಾಲಿಗೆ ಬಿದ್ದರೂ ಓದುವುದಿಲ್ಲ ಎಂದು ಹಟ ಹಿಡಿದಳು. ಆ ಹಟವನ್ನು ಕೊನೆಯ ಪುಸ್ತಕದವರೆಗೂ ಸಾಧಿಸಿದಳು. ಹೊರಗಿನವರು, "ನಿಮಗೆ ಹೆದರಿಕೆ ಆಗಲ್ವಾ?" ಎಂದರೆ, "ನಂಗೆ ಜಿರಳೆ ಬಿಟ್ರೆ ಇನ್ಯಾವ ಹೆದರಿಕೇನೂ ಇಲ್ಲ," ಎನ್ನುತ್ತಿದ್ದಳು.

ಅವನಿಗೊಂದು ಅಭ್ಯಾಸವಿತ್ತು. ಕತ್ತಲಾಗುವ ಹೊತ್ತಿಗೆ ಹಿಂಬಾಗಿಲಿಗೆ ಚಿಲಕ ಹಾಕಲು ತಾನೇ ಹೋಗುತ್ತಿದ್ದ. ಅಲ್ಲಿ ನಿಂತು, "ಅಲ್ಲೇ ಇದ್ದೀಯಾ?" ಎಂದು ಕೂಗುತ್ತಿದ್ದ. ಅವಳು ಕೂತಲ್ಲಿಂದಲೇ, "ಇದ್ದೀನಿ, ಎಲ್ಲಿಗೆ ಹೋಗ್ಲಿ?" ಎನ್ನಬೇಕು. ಆಮೇಲಷ್ಟೇ ಚಿಲಕ ಕಿರುಗುಟ್ಟುತ್ತಿತ್ತು. ಒಂದು ಸಂಜೆ ಏನೋ ಮುನಿಸು, ಅವಳು ಉತ್ತರ ಕೊಡಲಿಲ್ಲ. ಎಷ್ಟು ಹೊತ್ತಾದರೂ ಚಿಲಕದ ಸದ್ದಿಲ್ಲ. ಹೋಗಿ ನೋಡಿದರೆ ಚಿಲಕದ ಮೇಲೆ ಕೈಯಿಟ್ಟು ಹಾಗೇ ನಿಂತಿದ್ದಾನೆ, ಅಂಗಿ ಬೆನ್ನಿಗಂಟಿದೆ, ಮುಖದಲ್ಲಿ ರಕ್ತವಿಲ್ಲ. "ಇನ್ನೊಂದ್ಸಲ ಹಾಗೆ ಮಾಡ್ಬೇಡ ಕಣೇ," ಎಂದ. ಅವಳು ಬಿ.ಪಿ. ಇರಬೇಕೆಂದು ಮರುದಿನ ಡಾಕ್ಟರ ಹತ್ತಿರ ಎಳೆದುಕೊಂಡು ಹೋಗಿದ್ದಳು.

*

"ನಾನು ಬೇಡ ಬೇಡ ಅಂದೆ," ಎನ್ನುತ್ತಿದ್ದ ಡ್ರೈವರ್. ಕಾಫಿ ಮುಟ್ಟಿರಲಿಲ್ಲ. "ಅಷ್ಟೂ ಪುಸ್ತಕದಲ್ಲಿ ಈ ಬಾಗಿಲಿಂದೇ ದೊಡ್ಡ ಹೆದರಿಕೆ. ಹಿಂಬಾಗಿಲಲ್ಲಿ ಹೋದವನು ಹಿಂಬಾಗಿಲಲ್ಲೇ ಬರ್ತಾನೆ. ಹೋದ ದಿನವೇ, ಕತ್ತಲಾಗೋ ಹೊತ್ತಿಗೆ. ಚಿಲಕ ಹಾಕಿದ್ರೆ ಒಳಗೆ ಬರಲ್ಲ. ಆದ್ರೆ ಆಚೆ ನಿಂತು ಒಂದೇ ಮಾತು ಕೇಳ್ತಾನೆ."

"ಅದೊಂದು ಹೇಳ್ಬೇಡಿ!" ತಂಗಿ ಕಿವಿ ಮುಚ್ಚಿಕೊಂಡಳು. ಅಕ್ಕನಿಗೆ ಕಾಣದಂತೆ ಅವಳೂ ಎಲ್ಲವನ್ನೂ ಓದಿದ್ದಳೆಂದು ಆಗ ಗೊತ್ತಾಯಿತು.

"ಅಲ್ಲೇ ಇದ್ದೀಯಾ, ಅಂತ," ಎಂದ ಡ್ರೈವರ್ ಮೆಲ್ಲಗೆ. "ಇದ್ದೀನಿ ಅಂದ್ರೆ ಮುಗೀತು."

ಅಕ್ಕನ ಕೈಯಲ್ಲಿದ್ದ ಲೋಟ ಬಾಯಿಯ ಹತ್ತಿರವೇ ನಿಂತಿತು.

ಅಂದರೆ ಹೆದರುತ್ತಿದ್ದದ್ದು ಅವನು. ಬರೆದು ಬರೆದು ಮನೆಯ ಮೂಲೆಮೂಲೆಯಲ್ಲೂ ಒಂದೊಂದು ದೆವ್ವವನ್ನು ಕೂರಿಸಿ, ಕೊನೆಗೆ ಅಡುಗೆಮನೆಗೆ ಹೋಗಲೂ ಕಾಲು ಬಾರದೆ, ಹೆದರದ ಒಂದು ಜೀವವಾದರೂ ಈ ಮನೆಯಲ್ಲಿ ಇರಲಿ ಎಂದು ಅವಳನ್ನು ಕಾಪಾಡಿಕೊಂಡಿದ್ದ. ಅವಳೋ ಅದಕ್ಕೆ ಜೀವಮಾನವಿಡೀ ಒಳಗೊಳಗೇ ಹಲ್ಲು ಕಚ್ಚಿದ್ದಳು. ಅವನು ಕಾಪಾಡಿದ್ದನ್ನು ಈ ಪುಣ್ಯಾತ್ಮರು ಒಂದು ಲೋಟ ಕಾಫಿ ಕುಡಿಯುವಷ್ಟರಲ್ಲಿ ಮುಗಿಸಿದ್ದರು. ಪ್ರೀತಿಯಿಂದಲೇ ಮುಗಿಸಿದ್ದರು, ಯಾರನ್ನು ಬಯ್ಯುವುದು?

ಬೀದಿದೀಪ ಹತ್ತಿತು. ನರ್ಸ್ ಎದ್ದಳು. "ಡ್ಯೂಟಿ ಬದಲಾಯಿಸ್ಕೊಳ್ಳೋಣ ಅಂದ್ಕೊಂಡಿದ್ದೆ ಅಮ್ಮಾ, ಆಗ್ಲಿಲ್ಲ." ದರ್ಜಿಗೆ ಯಾರದೋ ಅರ್ಜೆಂಟ್ ಬಟ್ಟೆ ನೆನಪಾಯಿತು. ಡ್ರೈವರ್ ಯಾವ ನೆಪವನ್ನೂ ಹೇಳಲಿಲ್ಲ, ತಲೆ ತಗ್ಗಿಸಿ ಚಪ್ಪಲಿ ಮೆಟ್ಟಿದ. ಗೇಟಿನ ಹತ್ತಿರ ತಿರುಗಿ, "ಚಿಲಕ ಹಾಕಿದ್ದೀರ ತಾನೇ?" ಎಂದ.

"ಹಾಕಿದೀನಪ್ಪಾ."

"ಅಕ್ಕಾ, ನಮ್ಮನೆಗೆ ಬಂದುಬಿಡು," ಎಂದಳು ತಂಗಿ. "ನಾನಂತೂ ಇಲ್ಲಿ ಮಲಗಲ್ಲ. ತಪ್ಪು ತಿಳ್ಕೋಬೇಡ."

"ನಾಳೆ ಬರ್ತೀನಿ. ಇವತ್ತು ಇಲ್ಲೇ ಇರ್ತೀನಿ."

"ಹಟಮಾರಿ!" ಎಂದು ತಂಗಿ ಕಣ್ಣೊರೆಸಿಕೊಂಡು ಹೊರಟೇಹೋದಳು.

*

ಮುಂಬಾಗಿಲು ಮುಚ್ಚಿ ತಿರುಗಿದರೆ ಮನೆ ಬೇರೆಯಾಗಿತ್ತು. ಮೆಟ್ಟಿಲ ಕೆಳಗಿನ ಕಪಾಟು ಬೆರಳಷ್ಟು ತೆರೆದಿತ್ತು. ಯಾವಾಗಲೂ ಹೀಗೇ ತೆರೆದಿರುತ್ತಿತ್ತೇ? ಒಳಗೆ ಕೋಟಿನ ತೋಳು ಕಂಡಿತು. ಅದನ್ನೇ ನೋಡುತ್ತಾ ನಿಂತಳು. ತೋಳು ಅಲುಗಿತೋ, ತಾನು ನಡುಗಿದಳೋ ತಿಳಿಯಲಿಲ್ಲ. ಕನ್ನಡಿಯ ಮುಂದೆ ಹಾಯುವಾಗ ಮುಖ ಈಚೆ ತಿರುಗಿಸಿಕೊಂಡಳು. ತಾನು ಮುಖ ತಿರುಗಿಸಿದರೂ ಅಲ್ಲಿರುವವಳು ತಿರುಗಿಸಿರಲಾರಳು ಅನ್ನಿಸಿ ಹೆಜ್ಜೆ ಜೋರು ಮಾಡಿದಳು.

ಹೆದರಿಕೆಯಾಗಿತ್ತು. ಜಿರಳೆಗೆ ಹೆದರುವ ಹೆದರಿಕೆಯಲ್ಲ.

ಅಡುಗೆಮನೆಯಲ್ಲಿ ಕತ್ತಲು ಕವಿದಿತ್ತು. ಚಿಲಕ ಸರಿಯಾಗಿ ಬಿದ್ದಿದೆಯೇ ಎಂದು ಮುಟ್ಟಿ ನೋಡಿದಳು. ಅಂಗೈ ಬೆವರಿತ್ತು. ಕೈಯನ್ನು ಅಲ್ಲೇ ಇಟ್ಟು, ಹಜಾರದ ಖಾಲಿ ಕುರ್ಚಿಯ ಕಡೆ ತಿರುಗಿ, "ಅಲ್ಲೇ ಇದ್ದೀರಾ?" ಎಂದು ಕೂಗಿದಳು.

ನಲ್ಲಿಯಷ್ಟೇ ತೊಟಕ್ಕೆಂದಿತು. ಅಂದು ತಾನು ಮುನಿಸಿಕೊಂಡು ಸುಮ್ಮನಿದ್ದಾಗ ಅವನು ಇಲ್ಲಿ ಹೇಗೆ ನಿಂತಿದ್ದನೆಂದು ಈಗ ಅವಳಿಗೆ ಪೂರ್ತಿ ತಿಳಿಯಿತು. ಅಯ್ಯೋ, ಪುಕ್ಕಲ! ಸಂಜೆಗತ್ತಲಿಗೇ ಬೆವರುತ್ತಿದ್ದವನು ಈಗ ಅಷ್ಟು ದೊಡ್ಡ ಕತ್ತಲೆಯಲ್ಲಿ ಒಬ್ಬನೇ ಇದ್ದಾನೆ. ಕೂಗಿದರೆ ಓಗೊಡುವವರು ಯಾರಿದ್ದಾರೆ?

ಆಚೆ ಗಲ್ಲಿಯಲ್ಲಿ ಏನೋ ಸರಿದ ಸದ್ದಾಯಿತು. ಬೆಕ್ಕಿರಬಹುದು. ಬಾಗಿಲ ತನಕ ಬಂದು ನಿಂತಿತು.

ಅವಳು ಚಿಲಕ ತೆಗೆದಳು. ಬಾಗಿಲನ್ನು ಪೂರ್ತಿ ತೆರೆದು, ಅದರೆದುರಿಗೆ ಸ್ಟೂಲು ಎಳೆದುಕೊಂಡು ಕೂತು, ಸೆರಗು ಸರಿಮಾಡಿಕೊಂಡಳು.

"ಇದ್ದೀನಿ," ಎಂದಳು ಕತ್ತಲಿಗೆ. "ಎಲ್ಲಿಗೆ ಹೋಗ್ಲಿ?"

ಇನ್ನೂ ಯಾರೂ ಕೇಳಿರಲಿಲ್ಲ.