ಗಿಡ್ಡಪ್ಪನ ಮನೆ ಮುಂದಿನ ಕಾರು

"ನನ್ನ ಮಗಳು ಇವತ್ತೂ ಹೊರಗೆ ಬರಲ್ಲಂತಾ?" ಪ್ರೇಮಮ್ಮ ಕೇಳಿದಳು. ದನಿ ಒಡೆದುಹೋಗಿತ್ತು, ಕಡೆಯ ಅಕ್ಷರ ಬರೀ ಗಾಳಿಯಾಗಿ ಹೊರಬಂತು.

ಮಕ್ಕಳ ಮನೆಯ ಕಾರ್ಯಕರ್ತೆ ನೇತ್ರಾವತಿ ಕುರ್ಚಿ ಎಳೆದುಕೊಟ್ಟಳು. ಜಗಳೂರಿನಿಂದ ದಾವಣಗೆರೆಗೆ ಒಂದು ಬಸ್ಸು, ಅಲ್ಲಿಂದ ಹೊನ್ನಾಳಿಗೆ ಇನ್ನೊಂದು. ಬೆಳಿಗ್ಗೆ ಹೊರಟ ಪ್ರೇಮಮ್ಮ, ದುಡಿತದಿಂದ ಬಿಡಿಸಿ ತಂದವರನ್ನು ಇರಿಸುವ ಈ ಮಕ್ಕಳ ಮನೆ ಮುಟ್ಟುವಾಗ ಊಟದ ಹೊತ್ತಾಗಿತ್ತು. ಮಡಿಲಲ್ಲಿ ಶೇಂಗಾ ಉಂಡೆಯ ಡಬ್ಬಿ. ಹಿಂದಿನ ಸಲ ತಂದ ಉಂಡೆಗಳನ್ನು ಮಗಳು ಮುಟ್ಟಿರಲಿಲ್ಲ, ಉಳಿದ ಮಕ್ಕಳು ತಿಂದಿದ್ದರು. ಅದನ್ನು ನೇತ್ರಾವತಿ ಹೇಳಿರಲಿಲ್ಲ.

ಕಲ್ಪನಾಳಿಗೆ ಹದಿಮೂರು ವರ್ಷ. ಎರಡು ವರ್ಷದ ಕೆಳಗೆ ದೂರದ ಸಂಬಂಧದ ಹೆಂಗಸೊಬ್ಬಳು ಊರಿಗೆ ಬಂದು, ನಗರದಲ್ಲಿ ಒಳ್ಳೆಯವರ ಮನೆಯಿದೆ, ಕೂಸು ಆಡಿಸಿಕೊಂಡಿದ್ದರೆ ಸಾಕು, ಶಾಲೆಗೂ ಸೇರಿಸುತ್ತಾರೆ ಎಂದಿದ್ದಳು. ಗಂಡನನ್ನು ಕಳೆದುಕೊಂಡು ಕೂಲಿಗೆ ಹೋಗುತ್ತಿದ್ದ ಪ್ರೇಮಮ್ಮ ನಂಬಿದಳು. ಮಗಳಿಗೆ ಹೊಸ ಚಪ್ಪಲಿ ಕೊಡಿಸಿ ಕಳಿಸಿದಳು. ಅಲ್ಲಿ ಶಾಲೆ ಇರಲಿಲ್ಲ. ನಸುಕಿನಿಂದ ದುಡಿತ, ಬಾಗಿಲಿಗೆ ಹೊರಗಿನಿಂದ ಬೀಗ, ಬಟ್ಟೆ ಒಗೆಯುವ ಮೆಷಿನ್ನಿನ ಪಕ್ಕ ಮಲಗುವ ಜಾಗ. ಪಕ್ಕದ ಮನೆಯವರು ಯಾರೋ ಮಕ್ಕಳ ಸಹಾಯವಾಣಿಗೆ ಫೋನು ಮಾಡಿದ ಮೇಲೆ ಬೀಗ ಒಡೆಯಿತು. ಅವಳನ್ನು ರೈಲಿನಲ್ಲಿ ಕರೆತಂದವಳು ನೇತ್ರಾವತಿಯೇ. ದಾರಿಯುದ್ದಕ್ಕೂ ಹುಡುಗಿ ಅವಳ ವೇಲಿನ ತುದಿ ಹಿಡಿದುಕೊಂಡೇ ಇದ್ದಳು. ಆದರೆ ಮನೆಯ ಮಾತೆತ್ತಿದರೆ, "ಅವಳೇ ಅಲ್ವಾ ಅಕ್ಕಾ ಕಳಿಸಿದ್ದು?" ಎಂದು ಮುಖ ತಿರುಗಿಸುತ್ತಿದ್ದಳು.

ಕರೆದೊಯ್ದ ಹೆಂಗಸು ಜಾಮೀನಿನ ಮೇಲೆ ಹೊರಗೆ ಬಂದಿದ್ದಳು. ಒಂದು ಮಗು ವಾಪಸ್ಸು ಬರುವಷ್ಟರಲ್ಲಿ ಇನ್ನೊಂದು ಎಲ್ಲೋ ಕಾಣೆಯಾಗಿರುತ್ತಿತ್ತು. ತೂತು ಕೊಡದಲ್ಲಿ ನೀರು ಹೊತ್ತಂತೆ ಅನ್ನಿಸಿ, ಹೋದ ವಾರ ನೇತ್ರಾವತಿ ಗಂಡ ಮಾಲತೇಶನಿಗೆ, "ಸಾಕಾಗಿ ಹೋಯ್ತು ಕಣ್ರಿ. ಈ ತಿಂಗಳು ಮುಗಿಸಿ ಈ ಕೆಲಸ ಬಿಟ್ಬಿಡ್ತೀನಿ" ಎಂದಿದ್ದಳು. ಅವನು ಬೇಡ ಅನ್ನಲಿಲ್ಲ.

"ಗಂಟಲಿಗೇನಾಯ್ತು ಪ್ರೇಮಮ್ಮ?"

"ಏನಿಲ್ಲ ಬಿಡ್ರಿ. ಕೂಗಿದ್ದು ಜಾಸ್ತಿ ಆತು."

"ಯಾರ ಮೇಲೆ?"

ಪ್ರೇಮಮ್ಮ ಸೆರಗಿನಿಂದ ಬಾಯೊರೆಸಿಕೊಂಡಳು. "ಕಲ್ಪನಾನ್ನ ಕರ್ಕಂಡು ಹೋಗಿದ್ಲಲ್ಲ, ಅವಳು ಮತ್ತೆ ಬಂದಿದ್ಲು ಮೇಡಂ. ನಮ್ಮ ಎದುರು ಮನಿ ಗಿಡ್ಡಪ್ಪ ಅದಾನಲ್ರಿ, ಅವನ ಮಗಳು ದುರ್ಗಾಂಬಿಕಾನ್ನ ಕರ್ಕಂಡು ಹೋಗಾಕೆ. ಮೊನ್ನೆ ಬೆಳಿಗ್ಗೆ ಬಾಗಿಲು ತೆಗೆದು ನೋಡ್ತೀನಿ, ಅವನ ಮನಿ ಮುಂದೆ ಕಾರು ನಿಂತೈತೆ. ಆ ಹುಡುಗಿ ಹೊಸ ಲಂಗ ಉಟ್ಕಂಡು ಒಳಗೆ ಕುಂತೈತೆ. ನಗ್ತಾ ಇತ್ತು ಮೇಡಂ. ನನ್ನ ಮಗಳೂ ಹಂಗೇ ನಕ್ಕಂತ ಹೋಗಿದ್ಲು."

ನೇತ್ರಾವತಿ ಕುರ್ಚಿಯ ತುದಿಗೆ ಸರಿದಳು.

"ಹೋಗಿ ಕಾರಿನ ಮುಂದೆ ರೋಡಿನಾಗೆ ಕುಂತುಬಿಟ್ಟೆ. ಗಿಡ್ಡಪ್ಪ ಬಂದು ರಟ್ಟೆ ಹಿಡಿದು ಎಳೆದ. 'ನಿನ್ನ ಮಗಳು ಹಾಸ್ಟೆಲ್ನಾಗೆ ಇದ್ಕಂಡು ಓದಬಹುದು, ನನ್ನ ಮಗಳು ಉದ್ಧಾರ ಆಗೋದು ಬ್ಯಾಡ್ವಾ?' ಅಂದ."

ಅವಳ ದನಿ ಅಲ್ಲಿಗೆ ನಿಂತಿತು. ನೇತ್ರಾವತಿ ನೀರು ಕೊಟ್ಟಳು. ಕಲ್ಪನಾ ಪಟ್ಟ ಪಾಡು ಊರಿಗೆ ಗೊತ್ತಾದರೆ ಏನು ಗತಿ ಎಂದು, ಮಗಳು ಹೊನ್ನಾಳಿಯ ಹಾಸ್ಟೆಲಿನಲ್ಲಿ ಓದುತ್ತಿದ್ದಾಳೆ ಎಂದೇ ಪ್ರೇಮಮ್ಮ ಎಲ್ಲರಿಗೂ ಹೇಳಿಕೊಂಡು ಬಂದಿದ್ದಳು.

"ಅವಾಗ ತಿಳೀತು ಮೇಡಂ. ನನ್ನ ಸುಳ್ಳು ನಂಬ್ಕಂಡೇ ಅವನೂ ಆ ಹೆಂಗಸು ಓದಿಸ್ತಾಳೆ ಅಂತ ಮಗಳನ್ನ ಕಳಿಸಾಕೆ ಹೊಂಟಾನೆ. ಅಲ್ಲೇ ಕುಂತು ಎಲ್ಲಾ ಹೇಳಿಬಿಟ್ಟೆ. ಊರೇ ಕೂಡಿತ್ತು. ಹಿಂದಿದ್ದೋರಿಗೂ ಕೇಳ್ಲಿ ಅಂತ ಕೂಗಿ ಕೂಗಿ ಹೇಳಿದೆ. ಆ ಹೆಂಗಸು ಸುಳ್ಳು, ಸುಳ್ಳು ಅಂತಾನೇ ಇದ್ಲು. ಗಿಡ್ಡಪ್ಪ ಮಗಳ ಮುಖ ನೋಡಿದ. ಆಮೇಲೆ ಕೈ ಹಾಕಿ ಕಾರಿನ ಕೀಲಿ ಕಿತ್ಕಂಡ, ಮಗಳನ್ನ ಕೆಳಗಿಳಿಸಿದ. ಪೊಲೀಸ್ರು ಬರೋ ತನಕ ಊರೋರು ಯಾರೂ ಕದಲಲಿಲ್ಲ."

ನೇತ್ರಾವತಿ ಎಷ್ಟು ಊರುಗಳಲ್ಲಿ ಎಷ್ಟು ಸಭೆ ಮಾಡಿದ್ದಳು. ಭಿತ್ತಿಪತ್ರ ಹಂಚಿದ್ದಳು, ಮೈಕು ಹಿಡಿದು ಮಾತಾಡಿದ್ದಳು. ಜನ ತಲೆಯಾಡಿಸಿ, ಚಹಾ ಕುಡಿದು ಎದ್ದುಹೋಗುತ್ತಿದ್ದರು.

"ಇದನ್ನ ಕಲ್ಪನಾಗೆ ಹೇಳಬ್ಯಾಡ್ರಿ," ಎಂದಳು ಪ್ರೇಮಮ್ಮ. "ಇದನ್ನ ತೋರಿಸಿ ಅವಳನ್ನ ಮನಿಗೆ ಕರಿಯಾಕೆ ಬಂದೋಳಲ್ಲ ನಾನು."

"ಕರೆಯೋದಕ್ಕಲ್ಲ. ದುರ್ಗಾಂಬಿಕಾ ಅವಳ ಗೆಳತಿ. ತಿಳ್ಕೊಳ್ಳೋ ಹಕ್ಕು ಅವಳಿಗಿದೆ," ಎಂದು ನೇತ್ರಾವತಿ ಎದ್ದಳು.

ಹಿತ್ತಲಲ್ಲಿ ಕಲ್ಪನಾ ಬಟ್ಟೆ ಒಣಹಾಕುತ್ತಿದ್ದಳು. ನೇತ್ರಾವತಿ ಹಗ್ಗದ ಈಚೆ ನಿಂತು, ಕೇಳಿದ್ದನ್ನೆಲ್ಲ ಕೇಳಿದ ಹಾಗೇ ಹೇಳಿದಳು. ಹುಡುಗಿಯ ಕೈ ನಿಂತಿತು.

"ದುರ್ಗಿ ಹೋಗ್ಲಿಲ್ವಾ?"

"ಇಲ್ಲ. ಮನೇಲೇ ಇದ್ದಾಳೆ."

"ನಂದು ಊರೋರಿಗೆಲ್ಲ ಗೊತ್ತಾತಾ?"

ಈ ಪ್ರಶ್ನೆಗೇ ನೇತ್ರಾವತಿ ಹೆದರಿದ್ದಳು. "ಗೊತ್ತಾಯ್ತು, ಪುಟ್ಟಾ."

ಕಲ್ಪನಾ ಒದ್ದೆ ಲಂಗವನ್ನು ಎದೆಗವಚಿಕೊಂಡು ನಿಂತಳು. ಅವಳ ಅಂಗಿಯ ಮುಂಭಾಗವೆಲ್ಲ ನೆನೆಯಿತು. "ನನ್ನ ಬಗ್ಗೆ ಏನಂದ್ಲು?"

"ಅದನ್ನ ನಾನು ಕೇಳಲಿಲ್ಲ. ನೀನೇ ಕೇಳು, ಅಮ್ಮ ಒಳಗೇ ಇದ್ದಾಳೆ."

ಹುಡುಗಿ ಲಂಗವನ್ನು ಹಗ್ಗಕ್ಕೆ ಹಾಕಿದಳು. ಮತ್ತೊಂದು ಬಟ್ಟೆ ತೆಗೆದು ಕೊಡವಿದಳು. ಬಕೆಟ್ಟು ಖಾಲಿಯಾಗುವ ತನಕ ಅವಸರ ಮಾಡಲಿಲ್ಲ. ಆಮೇಲೆ ಕೈ ಒರೆಸಿಕೊಂಡು ಒಳಗೆ ನಡೆದಳು.

ಬಾಗಿಲಲ್ಲಿ ಮಗಳನ್ನು ಕಂಡು ಪ್ರೇಮಮ್ಮ ಎದ್ದು ನಿಂತಳು.

"ಎಲ್ಲರ ಎದುರಿಗೆ ನನ್ನ ಬಗ್ಗೆ ಏನಂದೆ?"

"ನನ್ನ ಮಗಳದ್ದು ಏನೂ ತಪ್ಪಿಲ್ಲ ಅಂದೆ." ದನಿ ಪೂರಾ ಹೋಗಿತ್ತು, ತುಟಿ ನೋಡಿಯೇ ತಿಳಿಯಬೇಕಿತ್ತು. "ನಂದು ಅಂದೆ."

ಆಗಲೇ ನೇತ್ರಾವತಿಯ ಫೋನು ಹೊಡೆದುಕೊಂಡಿತು. ಅವಳು ಬೇಗಬೇಗ ಜಗುಲಿಗೆ ಬಂದಳು. ನ್ಯಾಮತಿ ಕಡೆಯ ಶಾಲೆಯ ಮೇಷ್ಟ್ರು, ತಿಪ್ಪೇರುದ್ರಸ್ವಾಮಿ. ಏಳನೇ ತರಗತಿಯ ಹುಡುಗಿಯೊಬ್ಬಳು ಶಾಲೆಗೆ ಬರುತ್ತಿಲ್ಲ, ಮನೆಯವರು ಒಂದೊಂದು ಸಲ ಒಂದೊಂದು ಕಥೆ ಹೇಳುತ್ತಿದ್ದಾರೆ ಎಂದರು. "ನಿಮಗೆ ತೊಂದರೆ ಕೊಡ್ತಾ ಇದೀನೇನೋ..."

"ಇಲ್ಲ ಸರ್," ಎಂದಳು ನೇತ್ರಾವತಿ. "ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೇ ಬರ್ತೀನಿ. ಅವರ ಬೀದಿಯ ಹೆಂಗಸರು ಯಾರಾದ್ರೂ ಮಾತಿಗೆ ಸಿಗ್ತಾರಾ ನೋಡಿಟ್ಟಿರಿ."

ಫೋನಿಟ್ಟು ಕಿಟಕಿಯಲ್ಲಿ ಇಣುಕಿದಳು. ಕಲ್ಪನಾ ಅಮ್ಮನಿಗೆ ಬೆನ್ನು ಮಾಡಿ ನೆಲದ ಮೇಲೆ ಕೂತಿದ್ದಳು. ದುಡಿಸಿಕೊಂಡ ನಗರದ ಮನೆಯವರು ಬೋಳಿಸಿದ್ದ ತಲೆಯಲ್ಲಿ ಕೂದಲು ಈಗ ಕತ್ತಿನವರೆಗೆ ಬೆಳೆದಿತ್ತು. ಪ್ರೇಮಮ್ಮ ಬೆರಳಿನಲ್ಲೇ ಬೈತಲೆ ತೆಗೆದು, ಸಿಕ್ಕಷ್ಟು ಕೂದಲನ್ನು ಮೂರು ಎಳೆ ಮಾಡಿ ಹೆಣೆದಳು. ಕೈ ಬಿಟ್ಟ ಕೂಡಲೇ ಜಡೆ ಬಿಚ್ಚಿಕೊಂಡಿತು. ಹುಡುಗಿ ಏಳದೆ ತಲೆಯನ್ನು ತುಸು ಹಿಂದಕ್ಕೆ ವಾಲಿಸಿದಳು. ಪ್ರೇಮಮ್ಮ ಮತ್ತೆ ಬುಡದಿಂದ ಹೆಣೆಯತೊಡಗಿದಳು.