ಹಿಂದಿನ ಎಡ ಸ್ಪೀಕರು

ತೂಕ ಮತ್ತು ಅಳತೆ ಇಲಾಖೆಯಲ್ಲಿ ಇಪ್ಪತ್ತಾರು ವರ್ಷದಿಂದ ತಕ್ಕಡಿ ಪರೀಕ್ಷಿಸುತ್ತಿದ್ದ ಆ ಇನ್ಸ್‌ಪೆಕ್ಟರಿಗೆ ಇಲಾಖೆಯ ಹೊರಗೆ ಬೇರೆಯದೇ ಹೆಸರಿತ್ತು: ಅರ್ಧ ಮಾರ್ಕು. ಒಂದು ಮಾಸಪತ್ರಿಕೆಯ ಕೊನೆಯ ಪುಟದಲ್ಲಿ ಅವರು ಅಂಕಣ ಬರೆಯುತ್ತಿದ್ದರು. ಸಂಗೀತ ಕಾರ್ಯಕ್ರಮಗಳನ್ನು ಚಿತ್ರೀಕರಿಸಿ, ಜನ ಮನೆಯಲ್ಲಿ ಕೂತು ನೋಡಲೆಂದು ಡಿಸ್ಕು ಮಾಡಿ ಮಾರುತ್ತಾರಲ್ಲ, ಅವುಗಳ ಚಿತ್ರ ಎಷ್ಟು ಸ್ಪಷ್ಟ, ಧ್ವನಿ ಎಷ್ಟು ಶುದ್ಧ ಎಂದು ತೂಗಿ ಹೇಳುವ ಅಂಕಣ. ಚಿತ್ರಕ್ಕೆ ಹತ್ತು, ಧ್ವನಿಗೆ ಹತ್ತು. ಒಂಬತ್ತು ವರ್ಷದಲ್ಲಿ ಒಬ್ಬರಿಗೂ ಹತ್ತಕ್ಕೆ ಹತ್ತು ಬಂದಿರಲಿಲ್ಲ. ಎಲ್ಲ ಸರಿಯಿದ್ದರೂ ಎಲ್ಲೋ ಒಂದು ಕಡೆ ಅರ್ಧ ಕತ್ತರಿಸಿದ ಮೇಲೆಯೇ ಅವರು ಪೆನ್ನಿಗೆ ಮುಚ್ಚಳ ಹಾಕುತ್ತಿದ್ದದ್ದು.

ಹಾಡಿದವರು ಹೇಗೆ ಹಾಡಿದರು ಎಂಬುದನ್ನು ಮಾತ್ರ ಅವರು ಎಂದೂ ಬರೆಯುತ್ತಿರಲಿಲ್ಲ. ಸಂಪಾದಕರು ಒಮ್ಮೆ ಇದನ್ನೇ ಕೇಳಿದ್ದಕ್ಕೆ, "ತಕ್ಕಡಿ ಸರಿ ಇದೆಯಾ ಅಂತ ನೋಡೋನು ನಾನು. ಅದರಲ್ಲಿ ಏನು ತೂಗ್ತಾರೆ ಅನ್ನೋದು ನನ್ನ ಕೆಲಸ ಅಲ್ಲ" ಎಂದು ಬಾಯಿ ಮುಚ್ಚಿಸಿದ್ದರು.

ಮನೆಯ ಮುಂದಿನ ಕೋಣೆಯನ್ನು ಅವರು ಈ ಕೆಲಸಕ್ಕೆಂದೇ ಆಕ್ರಮಿಸಿಕೊಂಡಿದ್ದರು. ಕಿಟಕಿಗೆ ಕಂಬಳಿಯಷ್ಟು ದಪ್ಪದ ಪರದೆ. ಗೋಡೆಯ ಮೇಲೆ ದೊಡ್ಡ ಟೀವಿ, ಅದರ ಎದುರು ನೆಲದ ಮೇಲೆ ಟೇಪು ಹಿಡಿದು ಅಳೆದು ಗುರುತು ಮಾಡಿದ ಜಾಗದಲ್ಲಿ ಒಂದು ಕುರ್ಚಿ. ಮುಂದೆ ಮೂರು ಸ್ಪೀಕರು, ಬೆನ್ನ ಹಿಂದೆ ಎಡಕ್ಕೊಂದು ಬಲಕ್ಕೊಂದು. ಹಾಡು ಮುಂದಿನಿಂದ ಬರಬೇಕು, ಸಭಾಂಗಣದ ಗಾಳಿ, ಗುಸುಗುಸು, ಚಪ್ಪಾಳೆ ಹಿಂದಿನಿಂದ ಬರಬೇಕು. ಕೂತವನಿಗೆ ತಾನು ಸಭೆಯ ನಡುವೆಯೇ ಕೂತಂತೆ ಅನಿಸಬೇಕು. ಆ ಕೋಣೆಯಲ್ಲಿ ಕಸ ಗುಡಿಸುವುದಕ್ಕೂ ಅಪ್ಪಣೆ ಬೇಕಿತ್ತು.

ಅವರ ಹೆಂಡತಿ ಅಂಚೆ ಕಚೇರಿಯ ಕೌಂಟರಿನಲ್ಲಿ ಕೆಲಸ ಮಾಡುತ್ತಿದ್ದರು. ದಿನವಿಡೀ ಮೊಹರು ಬಡಿಯುವ ಸದ್ದು, ಸಾಲಿನಲ್ಲಿ ನಿಂತವರ ಗೊಣಗಾಟ. ಸಂಜೆ ಮನೆಗೆ ಬಂದು ಒಂದು ಹಾಡು ನೆಮ್ಮದಿಯಾಗಿ ಕೇಳೋಣವೆಂದು ಬಾಗಿಲ ಬಳಿ ನಿಂತರೆ, ಹಾಡು ಶುರುವಾಗಿ ಒಂದೂವರೆ ನಿಮಿಷಕ್ಕೆ ನಿಲ್ಲುತ್ತಿತ್ತು. "ನೋಡು, ಇಲ್ಲಿ ತಂತಿ ಮೀಟಿದಾಗ ತುದಿ ಸವೆದ ಹಾಗೆ ಕೇಳ್ತಿದೆ" ಎಂದು ಗಂಡ ಹಿಂದಕ್ಕೆ ಓಡಿಸಿ ಮತ್ತೆ ಹಾಕುತ್ತಿದ್ದರು. ಮತ್ತೆ ಅದೇ ಒಂದೂವರೆ ನಿಮಿಷ. ಆಕೆ ಸ್ವಲ್ಪ ಹೊತ್ತು ನಿಂತು, ಕುಕ್ಕರ್ ಕೂಗುವ ನೆಪ ಹಿಡಿದು ಒಳಗೆ ಹೋಗುತ್ತಿದ್ದರು. ಕುಕ್ಕರ್ ಕೆಲವು ಸಲ ಒಲೆಯ ಮೇಲೆ ಇರುತ್ತಲೇ ಇರಲಿಲ್ಲ.

ಈ ಸಲ ಬಂದ ಡಿಸ್ಕು, ಎಂಬತ್ತರ ಹತ್ತಿರದ ಒಬ್ಬ ಗಾಯಕಿ ಪುರಭವನದಲ್ಲಿ ನಡೆಸಿಕೊಟ್ಟ ಕೊನೆಯ ಕಾರ್ಯಕ್ರಮದ್ದು. ಇನ್ನು ವೇದಿಕೆ ಹತ್ತುವುದಿಲ್ಲ ಎಂದು ಆಕೆಯೇ ಹೇಳಿದ್ದರಿಂದ ಅಂದು ಸಭಾಂಗಣ ಕಿಕ್ಕಿರಿದಿತ್ತು. ಎಂಟು ತಿಂಗಳ ಹಿಂದೆ ಗಂಡ ಹೆಂಡತಿ ಇಬ್ಬರೂ ಅದಕ್ಕೆ ಹೋಗಿದ್ದರು. ಹೆಂಡತಿಗೆ ಆ ಗಾಯಕಿಯೆಂದರೆ ಪ್ರಾಣ. ಗಂಡ ಅಂದು ಬೆಳಗಿನಿಂದ ಸಗಟು ಮಾರುಕಟ್ಟೆಯಲ್ಲಿ ನಲವತ್ತು ತಕ್ಕಡಿ ನೋಡಿ, ಸಾಲದ್ದಕ್ಕೆ ಇಬ್ಬರು ವರ್ತಕರ ಜೊತೆ ಜಗಳವಾಡಿ, ಸೀದಾ ಅಲ್ಲಿಂದಲೇ ಬಂದಿದ್ದರು. ಕಾರ್ಯಕ್ರಮ ಹೇಗಿತ್ತು ಎಂದು ಯಾರಾದರೂ ಕೇಳಿದರೆ, "ಸಭಾಂಗಣದ ಪ್ರತಿಧ್ವನಿ ಹದವಾಗಿತ್ತು" ಎನ್ನುತ್ತಿದ್ದರು.

ಡಿಸ್ಕನ್ನು ಅವರು ಒಂದು ರಜೆಯ ದಿನ ಹಗಲಲ್ಲೇ ಪರೀಕ್ಷೆಗೆ ಇಟ್ಟರು. ಹೆಂಡತಿ ಅಂಚೆ ಕಚೇರಿಗೆ ಹೋಗಿದ್ದರು. ಚಿತ್ರ ಅದ್ಭುತವಾಗಿತ್ತು. ಪ್ರೇಕ್ಷಕರ ಕಡೆ ಕ್ಯಾಮೆರಾ ನಿಧಾನಕ್ಕೆ ಹಾಯುವ ನಾಲ್ಕು ಸೆಕೆಂಡಿನ ಒಂದು ದೃಶ್ಯವನ್ನು ಮೂರು ಸಲ ನೋಡಿ, ಕತ್ತಲ ಭಾಗ ಎಷ್ಟು ಕಪ್ಪಗಿದೆ, ಅಂಚುಗಳು ಎಷ್ಟು ಚೂಪಾಗಿವೆ ಎಂದು ಟಿಪ್ಪಣಿ ಮಾಡಿಕೊಂಡರು. ಧ್ವನಿಯೂ ಚೆನ್ನಾಗಿಯೇ ಹೋಗುತ್ತಿತ್ತು. ನಲವತ್ತೊಂದನೇ ನಿಮಿಷದಲ್ಲಿ, ವಾದ್ಯಗಳೆಲ್ಲ ನಿಂತು ಗಾಯಕಿ ಒಬ್ಬರೇ ಮೆಲ್ಲಗೆ ಹಾಡುವ ಕಡೆ, ಹಿಂದಿನ ಎಡ ಸ್ಪೀಕರಿನಿಂದ ಏನೋ ಬಂತು. ಗರ್ರ್ ಎಂದು ಏರಿ, ಒಂದು ಕ್ಷಣ ತಡೆದು, ಪುಸ್ಸೆಂದು ಇಳಿಯುವ ಸದ್ದು. ಮತ್ತೆ ಗರ್ರ್.

ಇನ್ಸ್‌ಪೆಕ್ಟರ ಕಿವಿ ನಿಮಿರಿತು. ಸ್ಪೀಕರಿನ ತಂತಿ ಬಿಚ್ಚಿ ಮತ್ತೆ ಸಿಕ್ಕಿಸಿದರು. ಎಡದ್ದನ್ನು ಬಲಕ್ಕೆ ಬದಲಿಸಿ ನೋಡಿದರು. ಅನುಮಾನವೇ ಇಲ್ಲ, ದೋಷ ಡಿಸ್ಕಿನಲ್ಲೇ ಇತ್ತು. ಅಂದು ಮಧ್ಯಾಹ್ನ ಊಟಕ್ಕೂ ಏಳದೆ ಎರಡು ಪ್ಯಾರಾ ಬರೆದರು. "ಹಳೆಯ ನೀರಿನ ಪಂಪು ಕೆಮ್ಮಿದಂಥ ಈ ತಗ್ಗು ಕಂಪನ ಎಡಬದಿಯ ಮೈಕಿನ ತಂತಿಯ ದೋಷದಿಂದ ಬಂದಿರಬೇಕು. ಇಷ್ಟು ದೊಡ್ಡ ಸದ್ದು ಆರು ನಿಮಿಷ ಕಾಲ ಕೇಳಿಬಂದರೂ ಎಚ್ಚರಗೊಳ್ಳದ ರೆಕಾರ್ಡಿಂಗ್ ಇಂಜಿನಿಯರು ಆ ಹೊತ್ತಿನಲ್ಲಿ ನಿದ್ದೆ ಮಾಡುತ್ತಿದ್ದರೇ ಎಂಬ ಸಂಶಯ ಬರುತ್ತದೆ. ಚಿತ್ರ: ಒಂಬತ್ತೂವರೆ. ಧ್ವನಿ: ಐದೂವರೆ."

ಕೊನೆಯ ವಾಕ್ಯದ ಮೊನಚು ಅವರಿಗೇ ಬಹಳ ಹಿಡಿಸಿತು. ಸಂಪಾದಕರಿಗೂ ಹಿಡಿಸಿತು, ಅದನ್ನೇ ದಪ್ಪ ಅಕ್ಷರದಲ್ಲಿ ಮೇಲೆ ಹಾಕಿದರು.

ಪತ್ರಿಕೆ ಹೊರಬಿದ್ದ ನಾಲ್ಕನೇ ದಿನ ಸಂಪಾದಕರ ಫೋನು ಬಂತು. "ಆ ಇಂಜಿನಿಯರಮ್ಮ ಕಚೇರಿಗೇ ಬಂದಿದ್ರು. ಬೈಯಲಿಲ್ಲ, ಅದೇ ಭಯ. ನಿಮ್ಮ ಮನೇಲಿ, ನಿಮ್ಮ ಸ್ಪೀಕರಲ್ಲೇ ಕೇಳಬೇಕಂತೆ. ಭಾನುವಾರ ಕಳಿಸ್ಲಾ?"

"ಬರಲಿ. ಕಲಿಯೋರಿಗೆ ನಾನು ಯಾವತ್ತೂ ಬೇಡ ಅಂದಿಲ್ಲ" ಎಂದರು ಇನ್ಸ್‌ಪೆಕ್ಟರು.

ಭಾನುವಾರ ಹತ್ತು ಗಂಟೆಗೆ ಇಂಜಿನಿಯರ್ ಬಂದರು. ನಲವತ್ತರ ಆಸುಪಾಸಿನ, ಗಿಡ್ಡ ಕೂದಲಿನ, ಮಿತಭಾಷಿ ಹೆಂಗಸು. ಬಾಗಿಲು ತೆರೆದ ಇನ್ಸ್‌ಪೆಕ್ಟರ ಮುಖವನ್ನು ಆಕೆ ಒಂದು ಕ್ಷಣ ಹೆಚ್ಚೇ ನೋಡಿದರು. ಅಂಕಣದ ಜೊತೆ ಅವರ ಫೋಟೋ ಎಂದೂ ಅಚ್ಚಾಗಿರಲಿಲ್ಲ. ಆಕೆ ಕೈಯಲ್ಲಿದ್ದ ಕಾಗದಗಳನ್ನು ಮೆಲ್ಲಗೆ ಚೀಲದೊಳಕ್ಕೆ ವಾಪಸು ಇಟ್ಟುಬಿಟ್ಟರು.

"ತಂತಿಗಳ ಪರೀಕ್ಷೆ ವರದಿ ತಂದಿದ್ದೆ ಸರ್. ಬೇಕಾಗಲ್ಲ ಅನ್ಸತ್ತೆ. ಒಂದು ಸಲ ಹಾಕ್ತೀರಾ?"

ಇನ್ಸ್‌ಪೆಕ್ಟರು ಆಕೆಯನ್ನು ನಡುವಿನ ಕುರ್ಚಿಯಲ್ಲಿ ಕೂರಿಸಿದರು. ಇದು ದೊಡ್ಡ ಮರ್ಯಾದೆ ಎಂದು ಸೂಚ್ಯವಾಗಿ ತಿಳಿಸಿಯೂ ತಿಳಿಸಿದರು. ಪರದೆ ಎಳೆದು, ತಗ್ಗು ಕಂಪನ ಎಂದರೇನು, ಅದು ಹೇಗೆ ಹುಟ್ಟುತ್ತದೆ ಎಂದು ಹತ್ತು ನಿಮಿಷ ವಿವರಿಸಿದರು. ಆಕೆ ತಲೆಯಾಡಿಸುತ್ತ ಕೇಳಿಸಿಕೊಂಡರು. ಆಮೇಲೆ ನಲವತ್ತೊಂದನೇ ನಿಮಿಷ ಬಂತು, ಗಾಯಕಿಯ ಧ್ವನಿಯ ಹಿಂದಿನಿಂದ ಆ ಸದ್ದೂ ಬಂತು. "ಕೇಳಿಸ್ತಾ?" ಎಂದು ಇನ್ಸ್‌ಪೆಕ್ಟರು ಬೆರಳೆತ್ತಿ, ಸದ್ದನ್ನು ಇನ್ನಷ್ಟು ಏರಿಸಿದರು.

ಅಡುಗೆಮನೆಯಿಂದ ಹೆಂಡತಿ ಒದ್ದೆ ಕೈ ಒರೆಸಿಕೊಳ್ಳುತ್ತ ಬಂದು ಬಾಗಿಲಲ್ಲಿ ನಿಂತರು. ಗಂಡನನ್ನು ನೋಡಿ ಗಲಿಬಿಲಿಯಾದರು.

"ಇದೇನ್ರೀ, ನೀವು ಎದ್ದೇ ಇದೀರಲ್ಲ. ಮನೆಗೆ ಬಂದವರನ್ನ ಕೂರಿಸಿಕೊಂಡು ಮಲಗಿಬಿಟ್ರಾ ಅಂತ ಎಬ್ಬಿಸೋಕೆ ಬಂದೆ."

ಸ್ಪೀಕರು ಇನ್ನೊಂದು ಸಲ ಗರ್ರ್ ಎಂದಿತು. ಇಂಜಿನಿಯರ್ ತಮ್ಮ ಉಗುರು ನೋಡಿಕೊಳ್ಳುತ್ತಿದ್ದರು.

"ಇದು ಮೈಕಿನ ತಂತಿ ಕಣೇ" ಎಂದರು ಇನ್ಸ್‌ಪೆಕ್ಟರು. ಆದರೆ ಧ್ವನಿಯಲ್ಲಿ ಮೊದಲಿನ ಗಟ್ಟಿತನ ಇರಲಿಲ್ಲ.

"ತಂತಿಯಂತೆ ತಂತಿ. ಮೂವತ್ತು ವರ್ಷದಿಂದ ಪಕ್ಕದಲ್ಲಿ ಮಲಗ್ತಿದೀನಿ, ನಂಗೆ ಗೊತ್ತಾಗಲ್ವಾ? ಈಗ ತಡೀತು ನೋಡಿ. ಈಗ ಪುಸ್ ಅನ್ನತ್ತೆ."

ಪುಸ್ ಅಂದಿತು.

ನೀವು ಗೊರಕೆ ಹೊಡೆಯುತ್ತೀರಿ ಎಂದು ಹೆಂಡತಿ ಮದುವೆಯಾದ ಹೊಸತರಿಂದ ಹೇಳುತ್ತಲೇ ಬಂದಿದ್ದರು. ಸದ್ದಿನ ವಿಷಯದಲ್ಲಿ ತಾನೇ ಬಲ್ಲವನೆಂದು ಗಂಡ ಅದನ್ನು ಒಮ್ಮೆಯೂ ಒಪ್ಪಿರಲಿಲ್ಲ. ಇಂಜಿನಿಯರ್ ಈಗ ರಿಮೋಟು ಕೇಳಿ ತೆಗೆದುಕೊಂಡು ಡಿಸ್ಕನ್ನು ಎರಡು ನಿಮಿಷ ಮುಂದಕ್ಕೆ ಓಡಿಸಿ, ಪ್ರೇಕ್ಷಕರ ಆ ನಾಲ್ಕು ಸೆಕೆಂಡಿನ ದೃಶ್ಯಕ್ಕೆ ತಂದು ನಿಲ್ಲಿಸಿದರು.

"ಎಡಗಡೆ ಮೈಕನ್ನ ಮೂರನೇ ಸಾಲಿನ ನೆತ್ತಿ ಮೇಲೇ ಇಳಿಬಿಟ್ಟಿದ್ವಿ ಸರ್."

ಮೂರನೇ ಸಾಲಿನಲ್ಲಿ ಇನ್ಸ್‌ಪೆಕ್ಟರು ಕೂತಿದ್ದರು. ಕತ್ತು ಹಿಂದಕ್ಕೆ ವಾಲಿತ್ತು, ಬಾಯಿ ತೆರೆದಿತ್ತು. ಚಿತ್ರ ಒಂಬತ್ತೂವರೆ ಅಂಕಕ್ಕೆ ಯೋಗ್ಯವಾಗಿಯೇ ಇದ್ದುದರಿಂದ ಒಳಗಿನ ದವಡೆ ಹಲ್ಲಿಗೆ ತುಂಬಿಸಿದ ಸಿಮೆಂಟು ಕೂಡ ಕಾಣುತ್ತಿತ್ತು. ಜೇಬಿನ ಪೆನ್ನು, ಅದರ ಮುಚ್ಚಳದ ಗೀರು, ಎಲ್ಲ. ಮೂರು ಸಲ ಇದೇ ದೃಶ್ಯ ನೋಡಿ ಟಿಪ್ಪಣಿ ಮಾಡಿಕೊಂಡಿದ್ದರಲ್ಲ, ಕಪ್ಪು ಎಷ್ಟು ಕಪ್ಪಗಿದೆ ಎಂದು ನೋಡುವ ಭರದಲ್ಲಿ ಮುಖಗಳ ಕಡೆ ಅವರ ಗಮನವೇ ಹೋಗಿರಲಿಲ್ಲ.

"ಹಾಗಿದ್ರೆ ನೀವು ಇದನ್ನ ಅಳಿಸಿಹಾಕಬೇಕಿತ್ತು" ಎಂದರು, ಮುಳುಗುವವರು ಹುಲ್ಲುಕಡ್ಡಿ ಹಿಡಿದಂತೆ.

"ಅಳಿಸ್ತಿದ್ದೆ ಸರ್. ಎರಡು ವರ್ಷದ ಹಿಂದೆ ನನ್ನದೇ ಇನ್ನೊಂದು ಡಿಸ್ಕಿಗೆ ನೀವು ಬರೆದಿದ್ರಿ. ಪ್ರೇಕ್ಷಕರ ಕೆಮ್ಮು, ಉಸಿರು ಎಲ್ಲ ಒರೆಸಿಹಾಕಿದಾರೆ, ಇದು ಸಭೆಯಲ್ಲ, ಸ್ಮಶಾನ ಅಂತ. ಒಂದೂವರೆ ಕತ್ತರಿಸಿದ್ರಿ. ಅದಕ್ಕೇ ಈ ಸಲ ಯಾವುದನ್ನೂ ಮುಟ್ಟಲಿಲ್ಲ."

ಇನ್ಸ್‌ಪೆಕ್ಟರ ಮುಖ ಸಪ್ಪಗಾಯಿತು. ತಕ್ಕಡಿಯಲ್ಲಿ ಮೋಸ ಸಿಕ್ಕಿಬಿದ್ದ ವರ್ತಕರ ಮುಖವನ್ನು ಅವರು ಬೇಕಾದಷ್ಟು ನೋಡಿದ್ದರು. ಅದು ಒಳಗಿನಿಂದ ಹೇಗಿರುತ್ತದೆ ಎಂದು ಗೊತ್ತಾದದ್ದು ಇದೇ ಮೊದಲು. ಸಿಟ್ಟನ್ನು ಯಾರ ಮೇಲಾದರೂ ಇಳಿಸಬೇಕಿತ್ತು. ಹೆಂಡತಿಯ ಕಡೆ ತಿರುಗಿದರು.

"ಪಕ್ಕದಲ್ಲೇ ಇದ್ಯಲ್ಲ. ಒಂದು ಸಲ ತಿವಿದು ಎಬ್ಬಿಸೋಕೆ ಏನಾಗಿತ್ತು ನಿಂಗೆ?"

ಹೆಂಡತಿ ತೆರೆಯ ಕಡೆ ನೋಡುತ್ತಿದ್ದರು. ಅಲ್ಲಿ, ಬಾಯಿ ತೆರೆದ ಗಂಡನ ಪಕ್ಕದ ಕುರ್ಚಿಯಲ್ಲಿ, ಆಕೆಯೂ ಇದ್ದರು. ಒಂದು ಕೈ ಗಂಡನ ಜಾರುತ್ತಿದ್ದ ಕನ್ನಡಕವನ್ನು ಹಿಡಿದುಕೊಂಡಿತ್ತು. ಮುಖ ಮಾತ್ರ ವೇದಿಕೆಯ ಕಡೆಗಿತ್ತು. ತುಟಿ ಅರೆತೆರೆದು, ಯಾರೋ ತನಗೊಬ್ಬಳಿಗೇ ಏನೋ ಹೇಳುತ್ತಿರುವಂತೆ ಕೂತಿದ್ದರು.

"ಎಬ್ಬಿಸಿದ್ರೆ ಮಾತಾಡ್ತಿದ್ರಿ" ಎಂದರು.

ಇನ್ಸ್‌ಪೆಕ್ಟರಿಗೆ ಅರ್ಥವಾಗಲಿಲ್ಲ.

"ಆ ಹಾಡಿನ ಮೊದಲ ಒಂದೂವರೆ ನಿಮಿಷ ಅವರ ಹಳೇ ಡಿಸ್ಕುಗಳಲ್ಲಿ ಈ ಮನೇಲಿ ಎಷ್ಟು ಸಲ ಕೇಳಿದೀನೋ. ಮುಂದೆ ಏನು ಬರತ್ತೆ ಅಂತಾನೇ ಗೊತ್ತಿರಲಿಲ್ಲ. ಅವತ್ತು ನೀವು ಮಲಗಿದ್ರಿ. ಗೊರಕೆ ಆದ್ರೆ ನಂಗೆ ಅಭ್ಯಾಸ ಇದೆ, ಅದರ ಮೇಲೇ ಹಾಡು ಕೇಳಿಸ್ಕೋಬಹುದು. ನೀವು ಎದ್ರೆ ಆಗಲ್ಲ."

ಇದನ್ನು ಆಕೆ ಕೋಪದಿಂದ ಹೇಳಲಿಲ್ಲ. ಕೌಂಟರಿನಲ್ಲಿ ಯಾರಿಗೋ, ಈ ಪಾರ್ಸೆಲ್ಲಿಗೆ ಈ ಫಾರ್ಮು ಸಾಲದು ಎಂದು ತಿಳಿಹೇಳುವಂತೆ ಹೇಳಿ, ಟೀ ತರಲು ಒಳಗೆ ಹೋದರು. ಇಂಜಿನಿಯರ್ ಟೀ ಕುಡಿದು ಹೊರಡುವಾಗ, ಮುಂದಿನ ಸಲ ಡಿಸ್ಕು ಅಚ್ಚು ಹಾಕುವಾಗ ಆ ಸದ್ದನ್ನು ತೆಗೆಯಬಹುದು, ಸರ್ ಏನು ಹೇಳಿದರೆ ಹಾಗೆ, ಎಂದರು. ತೆಗೆಯಿರಿ ಎಂಬ ಮಾತು ಇನ್ಸ್‌ಪೆಕ್ಟರ ನಾಲಿಗೆಯ ತುದಿಗೆ ಬಂದಿತ್ತು. ಸಭೆಯ ಸದ್ದು ಒರೆಸಬಾರದು ಎಂದು ಬರೆದವರು ತಾವೇ. ಎಷ್ಟೋ ಹೊತ್ತು ಕುತ್ತಿಗೆ ಉಜ್ಜಿಕೊಂಡು, "ಇರಲಿ ಬಿಡಿ" ಎಂದರು.

ಇನ್ನು ಉಳಿದದ್ದು ತಿದ್ದುಪಡಿ. ಮೊದಲ ಕರಡಿನಲ್ಲಿ, "ಸದರಿ ಕಂಪನವು ಸಭಾಂಗಣದಲ್ಲೇ ಇದ್ದ ನೈಸರ್ಗಿಕ ಮೂಲವೊಂದರಿಂದ ಬಂದದ್ದೆಂದು ತಿಳಿದುಬಂದಿದೆ" ಎಂದು ಬರೆದರು.

"ನೈಸರ್ಗಿಕ ಮೂಲ ಅಂದ್ರೆ ಯಾರು?" ಎಂದು ಹೆಂಡತಿ ಕೇಳಿದರು.

ಎರಡನೇ ಕರಡಿನಲ್ಲಿ "ಓರ್ವ ಪ್ರೇಕ್ಷಕ" ಬಂದ. ಸಂಪಾದಕರು ಫೋನಿನಲ್ಲೇ ಹೊಟ್ಟೆ ಹಿಡಿದುಕೊಂಡು ನಕ್ಕು, ಆ ಪ್ರೇಕ್ಷಕನ ವಿಳಾಸ ಕೊಡಿ, ಪತ್ರಿಕೆ ಕಳಿಸುತ್ತೇವೆ ಎಂದರು. ಕೊನೆಗೆ ಅಚ್ಚಾದದ್ದು ಮೂರನೆಯದು: "ಆ ಸದ್ದು ನನ್ನದು. ನಿದ್ದೆ ಮಾಡುತ್ತಿದ್ದವನು ನಾನು, ಇಂಜಿನಿಯರ್ ಅಲ್ಲ. ಅವರಲ್ಲಿ ಕ್ಷಮೆ ಕೇಳುತ್ತೇನೆ. ಧ್ವನಿ: ಒಂಬತ್ತೂವರೆ."

"ಇನ್ನೂ ಅರ್ಧ ಯಾಕೆ ಹಿಡಿದಿರಿ?" ಎಂದು ಸಂಪಾದಕರು ಕೇಳಿದರು.

"ಗೊರಕೆಯ ತಳಸ್ವರ ಸ್ವಲ್ಪ ಸಡಿಲವಾಗಿದೆ. ಇನ್ನೂ ಬಿಗಿಯಾಗಿ ಬರಬೇಕಿತ್ತು" ಎಂದರು ಇನ್ಸ್‌ಪೆಕ್ಟರು. ತಮಾಷೆಗೆ ಹೇಳಿದ್ದಲ್ಲ.

ಆಮೇಲೆ ಆದದ್ದು ಯಾರೂ ಎಣಿಸದ್ದು. ಸ್ಪೀಕರು ಮಾರುವ ಅಂಗಡಿಗಳಲ್ಲಿ ಗಿರಾಕಿಗಳು ನಲವತ್ತೊಂದನೇ ನಿಮಿಷ ಹಾಕಿ ಎಂದು ಕೇಳತೊಡಗಿದರು. ಗೊರಕೆಯ ಕೊನೆಯ ಪುಸ್ ಬಿಡಿಯಾಗಿ ಕೇಳಿಸಿದರೆ ಸ್ಪೀಕರು ಒಳ್ಳೆಯದು ಎಂದು ಒಂದು ಲೆಕ್ಕಾಚಾರವೇ ಹುಟ್ಟಿಕೊಂಡಿತು. ಇಲಾಖೆಯಲ್ಲಿ ಸಹೋದ್ಯೋಗಿಗಳು ಇನ್ಸ್‌ಪೆಕ್ಟರು ಬಂದಾಗ ಹಿಂದಕ್ಕೆ ಕತ್ತು ವಾಲಿಸಿ ಕಣ್ಣು ಮುಚ್ಚುತ್ತಿದ್ದರು. ಒಂದು ತಿಂಗಳು ಅವರು ತಲೆ ಎತ್ತದೆ ತಕ್ಕಡಿ ಪರೀಕ್ಷಿಸಿದರು.

ಹೆಂಡತಿಗೆ ಶನಿವಾರ ಅರ್ಧ ದಿನ ಕೆಲಸ. ಒಂದು ಶನಿವಾರ ಮಧ್ಯಾಹ್ನ ಬಂದವರೇ, ಯಾರ ಅಪ್ಪಣೆಯನ್ನೂ ಕೇಳದೆ ಪರದೆ ತೆರೆದಿಟ್ಟು, ಬೆಳಕಿನಲ್ಲೇ ಆ ಡಿಸ್ಕಿನ ಅದೇ ಹಾಡು ಹಾಕಿಕೊಂಡು ಕೂತರು. ಇನ್ಸ್‌ಪೆಕ್ಟರು ಬಾಗಿಲಲ್ಲಿ ಬಂದು ನಿಂತರು. ಬಿಸಿಲು ತೆರೆಯ ಮೇಲೆ ಬಿದ್ದು ಕಪ್ಪೆಲ್ಲ ಬೂದಿಯಾಗಿತ್ತು. ಅವರು ಬಾಗಿಲ ಚೌಕಟ್ಟಿಗೆ ಒರಗಿದರು. ಒಂದೂವರೆ ನಿಮಿಷ ಕಳೆಯಿತು, ಹಾಡು ಮುಂದೆ ಹೋಯಿತು. ಮೂರನೇ ಚರಣದಲ್ಲಿ ಗಾಯಕಿಯ ಧ್ವನಿ ಒಡೆಯಿತು. ಆಕೆ ನಕ್ಕು, ನೀರು ಕುಡಿದು, ಅದೇ ಸಾಲನ್ನು ಇನ್ನೂ ಮೆಲ್ಲಗೆ ಮತ್ತೆ ಹಾಡಿದರು. ಅಲ್ಲಿ ಅಂಥದೊಂದು ಕ್ಷಣವಿದೆ ಎಂದು, ಅಷ್ಟು ದಿನ ಗೊರಕೆಯನ್ನೇ ತೂಗಿದ್ದ ಇನ್ಸ್‌ಪೆಕ್ಟರಿಗೆ ಗೊತ್ತೇ ಇರಲಿಲ್ಲ. ಹಾಡು ಮುಗಿದಾಗ ಅವರು ಬಾಯಿ ತೆರೆದರು. ಹೆಂಡತಿ ತಿರುಗಿ ನೋಡದೆ ಕೈ ಎತ್ತಿ ತಡೆದರು.

"ಚಪ್ಪಾಳೆ ಮುಗೀಲಿ. ಅದರಲ್ಲಿ ನಂದೂ ಇದೆ."

ಇನ್ಸ್‌ಪೆಕ್ಟರು ಕಣ್ಣು ಮುಚ್ಚಿ ಕಿವಿಗೊಟ್ಟರು. ಸಾವಿರ ಜನ ಒಟ್ಟಿಗೆ ಕೈ ತಟ್ಟುತ್ತಿದ್ದರು.

"ಕೇಳಿಸ್ತಾ?" ಎಂದು ಹೆಂಡತಿ ಕೇಳಿದರು.

"ಹೂಂ" ಎಂದರು ಇನ್ಸ್‌ಪೆಕ್ಟರು. "ಸ್ಪಷ್ಟವಾಗಿ ಕೇಳಿಸ್ತು." ಒಂಬತ್ತು ವರ್ಷದಲ್ಲಿ ಧ್ವನಿಯ ವಿಷಯಕ್ಕೆ ಅವರು ಬೇಕೆಂದೇ ಹೇಳಿದ ಮೊದಲ ಸುಳ್ಳು ಅದು.