ದೊಡ್ಡ ಇಂಜೆಕ್ಷನ್ ಮತ್ತು ಗಾಜಿನ ತಟ್ಟೆ

ನಾನು ಸೂಜಿ ಎತ್ತಿ ಹಿಡಿದರೆ ಸಾಕು, ಮೂರು ಊರಾಚೆಯ ಜ್ವರಗಳೂ ಗಂಟುಮೂಟೆ ಕಟ್ಟುತ್ತಿದ್ದವು. ನಮ್ಮ ಆಸ್ಪತ್ರೆಗೆ ನಾನೇ ಕಾಂಪೌಂಡರ್; ಉಳಿದವರೆಲ್ಲ ನನ್ನ ನೆರಳು.

ಅಲ್ಲೊಂದು ಪದ್ಧತಿಯಿತ್ತು. ಕೆಮ್ಮಿರಲಿ, ಉಳುಕಿರಲಿ, ಬಂದವರಿಗೆಲ್ಲ ‘ದೊಡ್ಡ ಇಂಜೆಕ್ಷನ್’, ಅಂದರೆ ಇದ್ದದ್ದರಲ್ಲೇ ಬಲವಾದ ಆಂಟಿಬಯಾಟಿಕ್. “ಒಂದು ಹಾಕಿಬಿಡಿ. ಸುಮ್ಮನೆ ಕಳಿಸಿದ್ರೆ ಇವನೆಂಥ ಡಾಕ್ಟರು ಅಂತಾರೆ” ಎನ್ನುತ್ತಿದ್ದರು ಹಿರಿಯ ಡಾಕ್ಟರು. ನಾನು ಆಶೀರ್ವಾದ ಮಾಡುವವನ ಗತ್ತಿನಲ್ಲಿ ಹಾಕುತ್ತಿದ್ದೆ.

ಹೀಗಿರುವಾಗ ನನ್ನ ಹೆಂಡತಿಗೇ ಹೊಟ್ಟೆಯ ಆಪರೇಷನ್ ಆಯಿತು. ಹೊಲಿಗೆ ಹಾಕಿದಲ್ಲಿ ಕೀವು ತುಂಬಿತು. ದೊಡ್ಡ ಇಂಜೆಕ್ಷನ್ ಹಾಕಿದಷ್ಟೂ ಜ್ವರ ಏರಿತು. ಹಣೆಯ ಮೇಲಿನ ಒದ್ದೆ ಬಟ್ಟೆ ಇಸ್ತ್ರಿ ಮಾಡಿದಂತೆ ಒಣಗುತ್ತಿತ್ತು.

“ಇನ್ನೂ ದೊಡ್ಡದು ಹಾಕೋ! ಕಟ್ಟಿಕೊಂಡವಳಿಗೂ ಜಿಪುಣತನವೇ?” ಎಂದು ಅಮ್ಮ ಗದರಿದಳು.

“ಇನ್ನೂ ದೊಡ್ಡದೊಂದು ಈಗಷ್ಟೇ ಬಂದಿದೆ, ಅದನ್ನೂ ಹಾಕಿ” ಎಂದರು ಹಿರಿಯ ಡಾಕ್ಟರು.

ಲ್ಯಾಬಿನ ಡಾಕ್ಟರಮ್ಮ ಅಡ್ಡ ಬಂದರು. “ಮೊದಲು ಕೀವನ್ನ ಪರೀಕ್ಷೆಗೆ ಕೊಡಿ ಸರ್. ಕ್ರಿಮಿ ಯಾವ ಔಷಧಿಗೆ ಸಾಯುತ್ತೆ ಅಂತ ಗೊತ್ತಿಲ್ಲದೆ ಸುರಿದ್ರೆ, ನಾವೇ ಅದಕ್ಕೆ ಕಸರತ್ತು ಕಲಿಸಿದ ಹಾಗೆ.”

“ಅಷ್ಟು ಪುರುಸೊತ್ತು ಯಾರಿಗಿದೆಯಮ್ಮ?”

ಆಗ ನಾನು ಸಿಂಹದಂತೆ ಗರ್ಜಿಸಿದೆ: “ಮೊದಲು ಪರೀಕ್ಷೆ!” ಕಿಟಕಿಯ ಗಾಜು ಅದುರಿತು. ಕೀವು ಲ್ಯಾಬಿಗೆ ಹೋಯಿತು.

ಫಲಿತಾಂಶ ಬಂದಾಗ ಡಾಕ್ಟರಮ್ಮ ನನ್ನನ್ನು ಕರೆದು, ಆ ಕೀವಿನ ಕ್ರಿಮಿಗಳನ್ನು ಬೆಳೆಸಿದ್ದ ಅಂಗೈಯಗಲದ ಗಾಜಿನ ತಟ್ಟೆ ತೋರಿಸಿದರು. “ಬಗ್ಗಿ ನೋಡಿ.”

ತಟ್ಟೆಯ ತುಂಬ ಮಸುಕು ಪೊರೆ. ಕಣ್ಣಿಗೇ ಕಾಣದ ಕ್ರಿಮಿಗಳು ಕೋಟಿ ಕೋಟಿಯಾಗಿ ಕಣ್ಣಿಗೆ ಬಿದ್ದಿದ್ದವು. ನಡುನಡುವೆ ಒಂದೊಂದು ಔಷಧಿಯಲ್ಲಿ ಅದ್ದಿದ ಪುಟ್ಟ ಕಾಗದದ ಬಿಲ್ಲೆಗಳು. ನನ್ನ ದೊಡ್ಡ ಇಂಜೆಕ್ಷನ್ನಿನ ಬಿಲ್ಲೆಗೆ ಮೈ ಒರಗಿಸಿಕೊಂಡು ಅವು ಹುಲುಸಾಗಿ ಬೆಳೆದಿದ್ದವು. ಇನ್ನೂ ದೊಡ್ಡದರ ಸುತ್ತಲೂ ಅಷ್ಟೇ. ಒಂದೇ ಒಂದು ಬಿಲ್ಲೆಯ ಸುತ್ತ, ಚಂದ್ರನ ಸುತ್ತಲಿನ ಬಳೆಯಂತೆ, ತಿಳಿಯಾದ ವೃತ್ತ; ಅಲ್ಲಿ ಒಂದು ಕ್ರಿಮಿಯೂ ಇಲ್ಲ. ನಾವು ಕಪಾಟಿನ ಹಿಂದಕ್ಕೆ ತಳ್ಳಿದ್ದ ಹಳೆಯ ಔಷಧಿ ಅದು. ಇಷ್ಟು ಸಣ್ಣ ಜೀವ, ನಮ್ಮನ್ನೆಲ್ಲ ಸೋಲಿಸಿ ನಿಂತಿತ್ತು. ನನ್ನವಳ ಉಸಿರು ಆ ವೃತ್ತದಲ್ಲಿತ್ತು. ನಾನು ಕಪಾಟಿನತ್ತ ಓಡಿದೆ.

ಆ ಔಷಧಿಗೆ ಜ್ವರ ಇಳಿಯಿತು.

ಇಷ್ಟು ಬರೆದು ಹೆಂಡತಿಗೆ ಓದಿ ಹೇಳಿದೆ. ಅವಳು ಬಟ್ಟೆ ಮಡಚುವುದನ್ನು ನಿಲ್ಲಿಸಿದಳು.

“ರೀ, ಗರ್ಜಿಸಿದ್ದು ಯಾರು?”

“ನಾನೇ ಕಣೇ.”

“ಇಲ್ಲಿ ನೋಡಿ ಹೇಳಿ.”

ಸರಿ, ನಿಜ ಹೇಳುತ್ತೇನೆ. ನಾನು ಸೂಜಿ ಹಿಡಿದು ಅವಳ ಮೇಲೆ ಬಗ್ಗಿದ್ದೆ. ತೋಳನ್ನು ಹೊದಿಕೆಯೊಳಗೆ ಎಳೆದುಕೊಂಡು, ಹಲ್ಲು ಕಟಕಟಿಸುತ್ತಲೇ, “ಮೊದಲು ಕೀವು ತಗೊಳ್ಳಿ. ಅಲ್ಲೀವರೆಗೂ ಈ ತೋಳು ಯಾರಿಗೂ ಕೊಡಲ್ಲ, ನಿಮಗೂ” ಎಂದವಳು ಅವಳು. ನಾನು ಆ ತೋಳನ್ನು ಹೊರಗೆಳೆಯಲು ನೋಡಿದೆ.

ಅವಳು ಬಿಡಲಿಲ್ಲ.